ಬಂಕಾಪುರದ ಮಜ್ಜಿಗೆ ಪೈಲ್ವಾನ

ಹೋದ ಚಳಿಗಾಲದಲ್ಲಿ ಬಳಗದವರ ಮದುವೆಗೆಂದು ಬಂಕಾಪುರಕ್ಕೆ ಹೋಗಿದ್ದೆ. ಊಟ ಮುಗಿಸಿ ಮೊಮ್ಮಗನ ಕೈ ಹಿಡಿದುಕೊಂಡು ಕೋಟೆಯ ಕಡೆ ಹೊರಟಿದ್ದೆ. ಅವನಿಗೆ ನವಿಲು ನೋಡುವ ಆಸೆ. ಒಂದು ಸಂದಿಯ ಬಾಯಿಗೆ ಬಂದಾಗ ಯಾರದೋ ಅಡುಗೆಮನೆಯಿಂದ ಬೆಣ್ಣೆ ಕಾಯಿಸುವ ವಾಸನೆ ಬಂತು. ಬೆಣ್ಣೆ ಕರಗಿ, ನೊರೆ ಇಳಿದು, ಇನ್ನೇನು ತುಪ್ಪವಾಯಿತು ಎನ್ನುವಾಗ ಒಂದು ವೀಳ್ಯದೆಲೆ ಹಾಕಿದರೆ ಏಳುತ್ತದಲ್ಲ, ಆ ಘಮ. ನಾನು ನಿಂತುಬಿಟ್ಟೆ. ಕಾಲು ನೋಯುತ್ತವೆಯೇ ಎಂದು ಮೊಮ್ಮಗ ಕೇಳಿದ. ಇಲ್ಲವೆಂದೆ. ನಿಜ ಹೇಳಬೇಕೆಂದರೆ ಕಾಲಲ್ಲ, ಎರಡೂ ರಟ್ಟೆ ಜುಮ್ಮೆಂದಿದ್ದವು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಚಳಿಗಾಲ ಅದು. ನನಗಾಗ ಮೀಸೆ ಸರಿಯಾಗಿ ಮೂಡಿದ ವಯಸ್ಸು. ಹಿರೇಕೆರೂರಿನ ಹತ್ತಿರದ ನಮ್ಮ ಹಳ್ಳಿಯ ಸುತ್ತಮುತ್ತ ನಾಲ್ಕಾರು ಕುಸ್ತಿ ಗೆದ್ದಿದ್ದೆ. ಮೈಯಲ್ಲಿ ಶಕ್ತಿ ಇದೆ, ಡಾವು ಪಟ್ಟು ಗೊತ್ತಿಲ್ಲ ಎಂದು ಹಿರಿಯರು ಅಪ್ಪನಿಗೆ ಹೇಳಿದರು. ಬಂಕಾಪುರದಲ್ಲಿ ಹುಸೇನಸಾಬ ಎಂಬ ಉಸ್ತಾದರ ತಾಲೀಮು, ಅಂದರೆ ಗರಡಿಮನೆ, ಹೆಸರಾಗಿತ್ತು. ಅದೇ ಊರಿನಲ್ಲಿ ನನ್ನ ಅವ್ವನ ಅಕ್ಕ ನಿಂಗವ್ವ ದೊಡ್ಡವ್ವ ಇದ್ದಳು. ಗಂಡ ತೀರಿಕೊಂಡಿದ್ದ, ಹೊಲ, ಆಳು, ಎರಡು ಎಮ್ಮೆ ಇಟ್ಟುಕೊಂಡು ಮನೆತನ ನಡೆಸುತ್ತಿದ್ದಳು. ಅವಳ ಮನೆಯಲ್ಲಿದ್ದು ಹಾಲು ಬೆಣ್ಣೆ ತಿಂದು ಉಸ್ತಾದರ ಕೈಯಲ್ಲಿ ಪಳಗಲಿ ಎಂದು ಅಪ್ಪ ನನ್ನನ್ನು ಚಕ್ಕಡಿಯಲ್ಲಿ ತಂದು ಬಿಟ್ಟುಹೋದ.

ಮೊದಲ ಕೆಲವು ವಾರ ನನ್ನದು ರಾಜನ ಬಾಳು. ಬೆಳಗಿನ ಚಳಿಯಲ್ಲಿ ತಾಲೀಮಿಗೆ ಹೋಗಿ ದಂಡ ಬೈಠಕು ಹೊಡೆದು, ಕೆಮ್ಮಣ್ಣಿನಲ್ಲಿ ಹೊರಳಾಡಿ ಮನೆಗೆ ಬಂದರೆ ದೊಡ್ಡವ್ವ ರೊಟ್ಟಿಯ ಮೇಲೆ ಮುಷ್ಟಿಗಾತ್ರದ ಬೆಣ್ಣೆ ಇಡುತ್ತಿದ್ದಳು. ಆ ಬೆಣ್ಣೆ ಎಲ್ಲಿಂದ ಬರುತ್ತದೆ ಎಂಬ ವಿಚಾರ ನನ್ನ ತಲೆಗೆ ಬಂದಿರಲಿಲ್ಲ. ನಾನು ಏಳುವ ಹೊತ್ತಿಗೆ ಪಡಸಾಲೆಯಿಂದ ಗುಳುಗುಳು ಸದ್ದು ಕೇಳುತ್ತಿತ್ತು, ಅಷ್ಟೇ. ಕೋಳಿ ಕೂಗುತ್ತದೆ, ಎತ್ತಿನ ಗಂಟೆ ಬಡಿಯುತ್ತದೆ, ಮಜ್ಜಿಗೆ ಕಡೆಯುವ ಸದ್ದೂ ಅದರ ಜೊತೆಗೆ.

ಅದೇ ಹೊತ್ತಿಗೆ ದೊಡ್ಡವ್ವನ ಮಗಳು ಗಿರಿಜಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ಕೂಸಿಗೆ ಎರೆಯಲು ಬಿಸಿನೀರು ಹೊತ್ತು ತರುವಾಗ ದೊಡ್ಡವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲ ಮುಂಗೈ ಮುರಿಯಿತು. ಎಲುಬು ಕಟ್ಟುವವನು ಬಂದು ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿದು, ಈ ಕೈಯಿಂದ ಕಡ್ಡಿಯನ್ನೂ ಎತ್ತಬಾರದು ಎಂದು ಹೇಳಿ ಹೋದ.

ಜೋಳದ ಸುಗ್ಗಿ, ಮೆಣಸಿನಕಾಯಿ ಬಿಡಿಸುವ ಕೆಲಸ, ಎರಡೂ ಒಮ್ಮೆಲೇ ಬಂದಿದ್ದವು. ನಸುಕಿನಲ್ಲಿಯೇ ಓಣಿಯ ಹೆಂಗಸರೆಲ್ಲ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದರು. ಉಳಿಯುತ್ತಿದ್ದವರು ಹಣ್ಣು ಹಣ್ಣು ಮುದುಕಿಯರು. ಒಬ್ಬಳು ಮುದುಕಿ ಬಂದು ರೊಟ್ಟಿ ಬಡಿದುಕೊಟ್ಟಳು; ಆಳು ಹಾಲು ಹಿಂಡಿಟ್ಟು ಹೋದ. ರಾತ್ರಿ ಹೆಪ್ಪು ಹಾಕಿದ ಮೊಸರು ಗಡಿಗೆಯ ತುಂಬ ಕುಳಿತಿತ್ತು. ದೊಡ್ಡವ್ವ ಅದನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು.

"ಆ ತೋಳು ಬರೇ ತೋರಸಾಕಷ್ಟ ಅದಾವೇನು? ಬಾ ಇಲ್ಲಿ, ಹಗ್ಗಾ ಹಿಡಿ," ಎಂದಳು.

"ನಾ ಗಂಡಸು ದೊಡ್ಡವ್ವಾ," ಎಂದೆ.

"ಅದು ಎಮ್ಮೀಗೆ ಗೊತ್ತಿಲ್ಲಪ್ಪಾ. ತನ್ನ ಪಾಡಿಗೆ ಹಾಲು ಕೊಟ್ಟೈತಿ. ಒಳಗ ಬಾಣಂತಿ ಕುಂತಾಳ, ಅಕಿಗೆ ತುಪ್ಪಾ ಬೇಕು."

ಪಡಸಾಲೆಯ ಕದ ಹಾಕಿಕೊಂಡು ಬಂದೆ.

ಈಗಿನ ಹುಡುಗರು ಕಡಗೋಲನ್ನು ನೋಡಿರಲಾರರು ಎಂದು ಹೇಳುತ್ತೇನೆ. ಪಡಸಾಲೆಯ ಕಂಬಕ್ಕೆ ಎರಡು ಕುಣಿಕೆ ಕಟ್ಟಿರುತ್ತಾರೆ, ಒಂದು ಎದೆಮಟ್ಟಕ್ಕೆ, ಇನ್ನೊಂದು ಅದರ ಕೆಳಗೆ. ಆ ಕುಣಿಕೆಗಳೊಳಗೆ ಕಡಗೋಲಿನ ಉದ್ದನೆಯ ಕೋಲು ನೆಟ್ಟಗೆ ನಿಲ್ಲುತ್ತದೆ. ಕೆಳಗಿನ ತುದಿಯಲ್ಲಿ ಹೂವಿನ ಎಸಳು ಬಿಡಿಸಿದ ಹಾಗೆ ಕೆತ್ತಿದ ಕಟ್ಟಿಗೆಯ ತಲೆ. ಅದು ಗಡಿಗೆಯೊಳಗೆ ಮೊಸರಿನಲ್ಲಿ ಮುಳುಗಿರಬೇಕು. ಗಡಿಗೆ ಅಲುಗದಂತೆ ಬಟ್ಟೆಯ ಸಿಂಬೆಯ ಮೇಲೆ ಕೂರುತ್ತದೆ. ಕೋಲಿನ ನಡುವಿಗೆ ಪುಂಡಿನಾರಿನ ಹಗ್ಗ ಸುತ್ತಿ, ಎರಡೂ ತುದಿ ಹಿಡಿದುಕೊಂಡು ಬಲಗೈ ಎಳೆದಾಗ ಎಡಗೈ ಬಿಡುವುದು, ಎಡಗೈ ಎಳೆದಾಗ ಬಲಗೈ ಬಿಡುವುದು. ಹೇಳುವುದಕ್ಕೆ ಇಷ್ಟೇ.

ಬೇಗ ಮುಗಿಸಿ ತಾಲೀಮಿಗೆ ಓಡಬೇಕೆಂದು ನಾನು ಹಗ್ಗವನ್ನು ಬಲವಾಗಿ ಜಗ್ಗಿದೆ. ಕೆಳಗಿನ ಕುಣಿಕೆ ಕಿತ್ತು ಬಂತು. ಕಡಗೋಲಿನ ತಲೆ ಗಡಿಗೆಯ ಹೊಟ್ಟೆಗೆ ಹೋಗಿ ಬಡಿಯಿತು. ಗಡಿಗೆ ಎರಡು ಹೋಳಾಗಿ ಮೊಸರೆಲ್ಲ ಪಡಸಾಲೆಯ ಮೇಲೆ ಹರಿಯಿತು. ಎಲ್ಲಿತ್ತೋ ಏನೋ, ಬೆಕ್ಕು ಬಂದು ನನ್ನ ಕಾಲ ಹತ್ತಿರವೇ ನೆಕ್ಕತೊಡಗಿತು. ಒಳಗಿನಿಂದ ಗಿರಿಜಕ್ಕ ನಗುವುದು ಕೇಳಿಸಿತು. ದೊಡ್ಡವ್ವ ನಗಲಿಲ್ಲ.

"ಅದು ಗಡಿಗಿ. ನಿನ್ನ ಜೋಡಿ ಕುಸ್ತಿ ಹಿಡಿಯಾಕ ಬಂದಿಲ್ಲ," ಎಂದಷ್ಟೇ ಹೇಳಿ ಬೇರೊಂದು ಗಡಿಗೆ ತೆಗೆಸಿದಳು.

ಮರುದಿನ ಅವಳು ನನ್ನ ಬೆನ್ನ ಹಿಂದೆ ಮಣೆ ಹಾಕಿಕೊಂಡು ಕುಳಿತಳು. ಭುಜ ಬಿಗಿ ಹಿಡಿಯಬೇಡ ಎಂದಳು. ಎಳೆಯುವುದರ ಮೇಲಲ್ಲ, ಬಿಡುವುದರ ಮೇಲೆ ಲಕ್ಷ್ಯವಿರಲಿ ಎಂದಳು. ಚಳಿಗೆ ಮೊಸರು ಗಟ್ಟಿಯಾಗಿರುತ್ತದೆ, ಒಂದು ತಂಬಿಗೆ ಉಗುರುಬೆಚ್ಚಗಿನ ನೀರು ಹಾಕು ಎಂದಳು. ನನಗೆ ಕಣ್ಣಿಗಿಂತ ಕಿವಿಯಿಂದಲೇ ಕೆಲಸ ತಿಳಿಯುತ್ತ ಹೋಯಿತು. ಮೊದಲು ತೆಳ್ಳಗೆ ಗುಳುಗುಳು ಎನ್ನುವ ಸದ್ದು ಬರಬರುತ್ತ ದಪ್ಪವಾಗಿ, ಕಡಗೋಲು ಭಾರವಾಗುತ್ತದೆ. ಕೋಲಿನ ಮೇಲೆ ರವೆಯಂಥ ಹಳದಿ ಬಿಳಿ ಕಾಳು ಅಂಟಿಕೊಳ್ಳುತ್ತವೆ. ಆಗ ಒಂದಿಷ್ಟು ತಣ್ಣೀರು ಚಿಮುಕಿಸಿ ಮೆಲ್ಲಗೆ ಆಡಿಸಿದರೆ ಆ ಕಾಳೆಲ್ಲ ಒಂದರ ಹಿಂದೆ ಒಂದು ಬಂದು ಕೂಡುತ್ತವೆ. ಕೈ ತೊಯ್ಸಿಕೊಂಡು ಗಡಿಗೆಯೊಳಗೆ ಹಾಕಿ ಬೆಣ್ಣೆಯನ್ನು ಮೇಲೆತ್ತಿದಾಗ ಅದು ಅಂಗೈಯಲ್ಲಿ ತಣ್ಣಗೆ, ಮೆತ್ತಗೆ, ಆಗತಾನೆ ಹುಟ್ಟಿದ ಯಾವುದೋ ಮರಿಯ ಹಾಗಿತ್ತು. ಯಾವ ಕುಸ್ತಿ ಗೆದ್ದಾಗಲೂ ಅಂಥ ಖುಷಿ ಆಗಿರಲಿಲ್ಲ. ದೊಡ್ಡವ್ವ ಅದರಿಂದ ಚಿಟಿಕೆ ತೆಗೆದು ಮೊದಲು ನನ್ನ ಬಾಯಿಗೇ ಇಟ್ಟಳು.

ಕದ ಹಾಕಿಕೊಂಡರೆ ಗುಟ್ಟು ಉಳಿಯುತ್ತದೆ ಎಂದು ನಾನು ತಿಳಿದಿದ್ದೆ. ಆದರೆ ಬೆಣ್ಣೆ ಮನೆಯಲ್ಲಿ ಉಳಿದರೂ ಮಜ್ಜಿಗೆ ಉಳಿಯುವುದಿಲ್ಲ. ಕರಾವಿನ, ಅಂದರೆ ಹಾಲು ಹಿಂಡುವ ದನವಿರುವ, ಮನೆಯವರು ಮಜ್ಜಿಗೆ ಇಲ್ಲವೆನ್ನುವಂತಿರಲಿಲ್ಲ, ಕೇಳುವವರೂ ಸಂಕೋಚಪಡುತ್ತಿರಲಿಲ್ಲ. ಬೆಳಗಾದರೆ ಓಣಿಯ ಮುದುಕಿಯರು ಚರಿಗೆ ಹಿಡಿದು ಬರುತ್ತಿದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಎದುರು ಮನೆಯ ಬಾಳವ್ವ ಕದ ತಳ್ಳಿಕೊಂಡೇ ಒಳಗೆ ಬಂದಳು. ಲಂಗೋಟಿಯ ಮೇಲೆ ಪಂಚೆ ಸುತ್ತಿಕೊಂಡು, ಎದೆಗೆಲ್ಲ ಮಜ್ಜಿಗೆ ಸಿಡಿಸಿಕೊಂಡು ಹಗ್ಗ ಎಳೆಯುತ್ತಿದ್ದ ನನ್ನನ್ನು ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಜ್ಜಿಗೆ ಹಾಕಿಸಿಕೊಳ್ಳುವುದನ್ನೇ ಮರೆತು ಹೊರಟುಹೋದಳು. ಮಧ್ಯಾಹ್ನದೊಳಗೆ ಹೊಲದಲ್ಲಿದ್ದ ಹೆಂಗಸರಿಗೂ ಸುದ್ದಿ ಮುಟ್ಟಿತ್ತು.

ಸಂಜೆ ತಾಲೀಮಿಗೆ ಹೋದರೆ ಹುಡುಗರು ಎರಡೂ ಕೈ ಮುಂದೆ ಚಾಚಿ ಹಗ್ಗ ಎಳೆಯುವ ಆಟ ಆಡುತ್ತಿದ್ದರು. ಫಕೀರಪ್ಪ ಎಂಬವನು ಎಲ್ಲರಿಗಿಂತ ಜೋರು. "ಮಜ್ಜಿಗೆ ಪೈಲ್ವಾನ" ಎಂದು ಹೆಸರಿಟ್ಟವನೂ ಅವನೇ. ಅವನಿಗೊಂದು ಕಾರಣವಿತ್ತು. ಸುಗ್ಗಿ ಮುಗಿದ ಮೇಲೆ ಸವಣೂರಿನಲ್ಲಿ ಎರಡು ತಾಲೀಮುಗಳ ನಡುವೆ ಕುಸ್ತಿ ಗೊತ್ತಾಗಿತ್ತು. ಅದರ ಕೊನೆಯ ದೊಡ್ಡ ಜೋಡಿಗೆ ಉಸ್ತಾದರು ನನ್ನ ಹೆಸರು ಹೇಳಿದ್ದರು. ಅದು ತನಗೆ ಸಿಗಬೇಕಿತ್ತು ಎಂಬುದು ಫಕೀರಪ್ಪನ ಮನಸ್ಸು. ಹೆಂಗಸರ ಕೆಲಸ ಮಾಡುವವನನ್ನು ಕಣಕ್ಕಿಳಿಸಿದರೆ ನವಾಬರ ಊರಾದ ಸವಣೂರಿನವರು ಬಂಕಾಪುರದ ಮರ್ಯಾದೆ ತೆಗೆಯುತ್ತಾರೆ ಎಂದು ಅವನು ಉಸ್ತಾದರ ಮುಂದೆಯೇ ಹೇಳಿದ. ನಾಲ್ಕಾರು ಜನ ಹೌದೆಂದರು. ಉಸ್ತಾದರು ಗಡ್ಡ ನೀವಿಕೊಂಡು, ನೋಡೋಣ ಎಂದಷ್ಟೇ ಹೇಳಿದರು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕುಸ್ತಿ ಕೈತಪ್ಪಿದರೆ ಅಪ್ಪನಿಗೆ ಏನು ಹೇಳುವುದು? ದೊಡ್ಡವ್ವನಿಗೆ ವಿಷಯ ಬಾಳವ್ವನಿಂದ ತಿಳಿದಿತ್ತು. ಬೇಡವಾದರೆ ಬಿಡು, ನಾನು ಎಡಗೈಯಲ್ಲಿಯೇ ಹೆಂಗೋ ಮಾಡಿಕೊಳ್ಳುತ್ತೇನೆ ಎಂದು ಅವಳು ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ, ಮನಸ್ಸಿನಿಂದಲೇ ಹೇಳಿದಳು. ಬೆಳಿಗ್ಗೆ ಎದ್ದಾಗ ನನ್ನ ಕೈ ತಾನಾಗಿಯೇ ಹಗ್ಗಕ್ಕೆ ಹೋಯಿತು. ಹೇಗೂ ಊರಿಗೆಲ್ಲ ಗೊತ್ತಾಗಿದೆ ಎಂದು ಪಡಸಾಲೆಯ ಕದವನ್ನೂ ತೆಗೆದಿಟ್ಟೆ. ಬೆಳಕು ಬಂದರೆ ಬೆಣ್ಣೆ ಕೂಡಿದ್ದು ಚೆನ್ನಾಗಿ ಕಾಣುತ್ತಿತ್ತು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಬಾಣಂತಿಗೆ ಹೊಸ ಹಸಿರು ಬಳೆ ಇಡಿಸಬೇಕು. ಬಂಕಾಪುರದಲ್ಲಿ ಬಳೆ ಇಡಿಸುವವರು ಯಾರೆಂದರೆ ನಮ್ಮ ಉಸ್ತಾದರೇ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ತಾಲೀಮು ಅವರ ಹುಚ್ಚು, ಬಳೆ ಅವರ ಹೊಟ್ಟೆಪಾಡು. ಬಾಗಿಲಿಗೆ ತುಂಬುವಂಥ ಆಳು. ಹೆಗಲ ಮೇಲೆ ಬಳೆಯ ಸರಗಳನ್ನು ಹೇರಿಕೊಂಡು ಓಣಿಯಲ್ಲಿ ನಡೆದು ಬಂದರೆ ಗಾಜಿನ ಕಿಣಿಕಿಣಿ ಸದ್ದಿಗೆ ಮಕ್ಕಳು ಹಿಂದೆ ಓಡುತ್ತಿದ್ದರು.

ಆ ದಿನ ಅವರು ಬೇಗನೆ ಬಂದರು. ಬೇಕೆಂದೇ ಬಂದರೆಂದು ನನಗೆ ಈಗಲೂ ಅನುಮಾನ. ನಾನು ಕಂಬದ ಮುಂದೆ ನಿಂತು ಕಡೆಯುತ್ತಿದ್ದೆ. ಅವರನ್ನು ಕಂಡದ್ದೇ ಹಗ್ಗ ಬಿಟ್ಟು ಒಳಗೆ ಓಡಬೇಕೆನಿಸಿತು.

"ಈಗ ಹಗ್ಗಾ ಬಿಟ್ಟೀ ಅಂದ್ರ ಬೆಣ್ಣಿ ಕೂಡೂದಿಲ್ಲ," ಎಂದಳು ದೊಡ್ಡವ್ವ. ಆಮೇಲೆ ಅವರ ಕಡೆ ತಿರುಗಿ, "ಬರ್ರಿ ಉಸ್ತಾದ್ರ, ಕುಂದರ್ರಿ. ನಿಮ್ಮ ಹುಡುಗಂದು ಇನ್ನ ಸ್ವಲ್ಪ ಕೆಲಸ ಐತಿ," ಎಂದಳು.

ಉಸ್ತಾದರು ಕಂಬಳಿಯ ಮೇಲೆ ಕುಳಿತು ಬಳೆಯ ಸರ ಬಿಚ್ಚಿದರು. ಗಿರಿಜಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲಿನಾಚೆ ಕುಳಿತು ಕೈ ಚಾಚಿದಳು. ನಾನು ಹಗ್ಗ ಎಳೆಯುತ್ತಲೇ ಓರೆಗಣ್ಣಿನಿಂದ ನೋಡಿದೆ. ಕಣದಲ್ಲಿ ನಮ್ಮನ್ನು ಎತ್ತಿ ಒಗೆಯುತ್ತಿದ್ದ ಅದೇ ಕೈಯಲ್ಲಿ ಅವರು ಅಕ್ಕನ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ಮಡಿಸಿ, ಕೂಸು ಯಾರ ಹಾಗಿದೆ, ರಾತ್ರಿ ಅಳುತ್ತದೆಯೇ ಎಂದು ಮಾತಿಗೆಳೆಯುತ್ತ, ಅವಳಿಗೆ ಗೊತ್ತಾಗುವುದರೊಳಗೆ ಬಳೆ ಏರಿಸಿಬಿಡುತ್ತಿದ್ದರು. ಒಂದು ಬಳೆಯೂ ಒಡೆಯಲಿಲ್ಲ.

ಕೆಲಸ ಮುಗಿಸಿ ಎದ್ದು ಬಂದು ನನ್ನ ಅಂಗೈ ತಿರುವಿ ನೋಡಿದರು. ಹಗ್ಗದಿಂದ ಬಂದ ಗುಳ್ಳೆ ಒಡೆದು ಗಟ್ಟಿಯಾಗಿದ್ದವು. ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ನಾಲ್ಕು ಸಲ ಎಳೆದರು. ಮಜ್ಜಿಗೆ ಮೇಲೆದ್ದು ಅವರ ಗಡ್ಡಕ್ಕೆಲ್ಲ ಸಿಡಿಯಿತು. ದೊಡ್ಡವ್ವ, ಗಿರಿಜಕ್ಕ, ನಾನು, ಕೊನೆಗೆ ಅವರೂ, ಎಲ್ಲರೂ ನಕ್ಕೆವು. ಹೋಗುವಾಗ ಬಾಳೆಎಲೆಯಲ್ಲಿ ಒಂದು ಉಂಡೆ ಬೆಣ್ಣೆ ಕಟ್ಟಿಸಿಕೊಂಡು ಹೋದರು.

ಸಂಜೆ ತಾಲೀಮಿನಲ್ಲಿ ಎಲ್ಲರನ್ನೂ ಕೂರಿಸಿದರು. ಆ ಉಂಡೆಯನ್ನು ನಡುವೆ ಇಟ್ಟರು.

"ನಾ ಮೀಸಿ ಮೂಡಿದಾಗಿಂದ ಹೆಣ್ಣಮಕ್ಕಳ ಕೈ ಹಿಡದು ಬಳಿ ಇಡಸಾಕತ್ತೇನಿ," ಎಂದರು. "ನೀ ಪೈಲ್ವಾನ ಅಲ್ಲ ಅಂತ ನನ್ನ ಮುಂದ ಬಂದು ಯಾರರ ಅಂದಾರೇನು? ಇದ್ದರ ಈಗ ಏಳ್ರಿ."

ಯಾರೂ ಏಳಲಿಲ್ಲ. ಉಸ್ತಾದರು ಬೆಣ್ಣೆ ಮುರಿದು ಎಲ್ಲರಿಗೂ ಹಂಚಿದರು. ಫಕೀರಪ್ಪನಿಗೂ ಕೊಟ್ಟರು. ಅವನು ತಿಂದು, ಬೆರಳು ನೆಕ್ಕಿ, ಇನ್ನೂ ಐತೇನು ಎಂದು ಕೇಳಿದ. ಸವಣೂರಿನ ಮಾತು ಅಲ್ಲಿಗೆ ಮುಗಿಯಿತು.

ಮೆಣಸಿನಕಾಯಿ ಒಣಗಿ ಊರೆಲ್ಲ ಕೆಂಪಾಗಿದ್ದ ದಿನಗಳಲ್ಲಿ ನಾವು ಚಕ್ಕಡಿ ಕಟ್ಟಿಕೊಂಡು ಸವಣೂರಿಗೆ ಹೋದೆವು. ಆನೆಯ ಮೈಯಂಥ ಕಾಂಡದ, ಸವಣೂರಿನವರು ದೊಡ್ಡಹುಣಸೆ ಎನ್ನುವ ಮರಗಳನ್ನು ನಾನು ಮೊದಲು ನೋಡಿದ್ದು ಆಗಲೇ. ಬಯಲಲ್ಲಿ ಕೆಮ್ಮಣ್ಣು ಹದಮಾಡಿ ಕಣ ಹಾಕಿದ್ದರು. ಹಲಗೆ ವಾದ್ಯ ಬಡಿಯುತ್ತಿದ್ದರು. ಸವಣೂರಿನ ತಾಲೀಮಿನಿಂದ ನನ್ನ ಎದುರು ನಿಂತವನು ಹತ್ತಿಮತ್ತೂರಿನ ಚನಬಸಪ್ಪ. ನನಗಿಂತ ಎತ್ತರ, ಕುತ್ತಿಗೆ ಎತ್ತಿನದು. ನನ್ನ ಅಡ್ಡಹೆಸರು ನನಗಿಂತ ಮೊದಲೇ ಸವಣೂರು ಮುಟ್ಟಿತ್ತು. ಕೈಗೆ ಕೈ ಕೊಡುವಾಗ ಅವನು ಎಲ್ಲರಿಗೂ ಕೇಳುವ ಹಾಗೆ, "ಮಜ್ಜಿಗಿ ತಂದೀಯೇನೋ?" ಎಂದ.

"ತಂದೇನಿ. ಮದ್ಲ ಕಡಿಯೂಣು ಬಾ," ಎಂದೆ.

ಜನವೆಲ್ಲ ನಕ್ಕರು. ಚನಬಸಪ್ಪನೂ ನಕ್ಕ. ನಗುವವರ ನಡುವೆ ನಿಂತಿದ್ದರೂ ನನಗೆ ಮೈ ಹಗುರಾದಂತಾಯಿತು.

ಕಡಗೋಲಿನಿಂದ ಏನೋ ಒಂದು ಹೊಸ ಡಾವು ಕಲಿತು ಅವನನ್ನು ಚಿತ್ ಮಾಡಿದೆ ಎಂದು ಬರೆದರೆ ಓದಲು ಚಂದ. ಹಾಗೇನೂ ಆಗಲಿಲ್ಲ. ಅವನು ನನ್ನನ್ನು ಮೂರು ಸಲ ಕೆಳಗೆ ಹಾಕಿಕೊಂಡ, ನಾನು ಮೂರು ಸಲವೂ ಜಾರಿಕೊಂಡೆ. ನಾನು ಅವನ ಕಾಲಿಗೆ ಹೊಂಚಿದೆ, ಅವನು ಸಿಗಲಿಲ್ಲ. ಹೊತ್ತು ಮುಳುಗುವ ತನಕ ಹಾಗೆಯೇ ನಡೆಯಿತು. ಇಬ್ಬರ ಮೈಯೂ ಮಣ್ಣಿನ ಗೊಂಬೆಯಾಗಿ, ಯಾರು ಯಾರೆಂದು ಹಲಗೆಯವನಿಗೂ ತಿಳಿಯದ ಸ್ಥಿತಿ. ಕೊನೆಗೆ ಹಿರಿಯರು ನಡುವೆ ಬಂದು ಬರೋಬರಿ ಕುಸ್ತಿ, ಇಬ್ಬರೂ ಸಮ ಎಂದು ಸಾರಿದರು.

ತೊಂದರೆ ಆಗಿದ್ದು ಆಮೇಲೆ. ಗೆದ್ದವನಿಗೆ ಎಂದು ತಂದಿದ್ದ ರುಮಾಲು ಒಂದೇ. ಜರಿಯಂಚಿನ ಚಂದದ ರುಮಾಲು. ಹರಿದು ಅರ್ಧ ಅರ್ಧ ಕೊಡೋಣವೆಂದು ಯಾರೋ ಹೇಳಿದರು. ಚನಬಸಪ್ಪ ಬೇಡವೆಂದ. ರುಮಾಲು ಇವನೇ ಸುತ್ತಿಕೊಳ್ಳಲಿ, ನನಗೆ ಒಂದು ಗಡಿಗೆ ಮಜ್ಜಿಗೆ ಕುಡಿಸಿದರೆ ಸಾಕು, ಇವನು ಕಡೆಯುವುದನ್ನು ನನ್ನ ಕಣ್ಣಿಂದ ನೋಡಬೇಕು ಎಂದ. ಚೇಷ್ಟೆಗೆ ಹೇಳಿದ್ದಾನೆಂದುಕೊಂಡೆ. ಮಾರನೆಯ ಬೆಳಿಗ್ಗೆ ಅವನು ದೊಡ್ಡವ್ವನ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ನಾನು ಕಡೆದೆ, ಅವನು ಕುಡಿದ. ಬಾಳವ್ವನ ಚರಿಗೆಗೆ ಅಂದು ಮಜ್ಜಿಗೆ ಉಳಿಯಲಿಲ್ಲ.

ಅವನು ಊರಿಗೆ ಹೋಗಿ ಮನೆಯಲ್ಲಿ ಏನು ಹೇಳಿದನೋ ನನಗೆ ತಿಳಿಯದು. ಉಗಾದಿಯ ಸುಮಾರಿಗೆ ಹತ್ತಿಮತ್ತೂರಿನಿಂದ ದೊಡ್ಡವ್ವನಿಗೆ ಹೇಳಿಕಳಿಸಿದರು. ಚನಬಸಪ್ಪನಿಗೆ ಒಬ್ಬ ತಂಗಿ ಇದ್ದಾಳೆ, ಪಾರ್ವತಿ ಎಂದು ಹೆಸರು, ಹುಡುಗನ ಕಡೆಯವರಿಗೆ ಮನಸ್ಸಿದ್ದರೆ ಬಂದು ನೋಡಿಹೋಗಲಿ ಎಂದು. ಅಪ್ಪ ನಮ್ಮ ಹಳ್ಳಿಯಿಂದ ಬಂದ. ದೊಡ್ಡವ್ವನ ದಬ್ಬೆ ಬಿಚ್ಚಿದ್ದರು. ಕೈ ಸ್ವಲ್ಪ ಸೊಟ್ಟಗೆ ಕೂಡಿದ್ದರೂ ರೊಟ್ಟಿ ಬಡಿಯಲು ತೊಂದರೆ ಇರಲಿಲ್ಲ. ನಾನು ಸವಣೂರಿನ ರುಮಾಲು ಸುತ್ತಿಕೊಂಡೆ.

ಹತ್ತಿಮತ್ತೂರಿನ ಅವರ ಮನೆ ತುಂಬಿದ ಮನೆ. ಪಡಸಾಲೆಯಲ್ಲಿ ಗಂಡಸರೆಲ್ಲ ಹೊಲ, ಹತ್ತಿ, ಮಳೆ ಎಂದು ಮಾತಾಡಿದರು. ಹುಡುಗಿ ಬಂದು ಎಲ್ಲರಿಗೂ ನಮಸ್ಕಾರ ಮಾಡಿ ಒಳಗೆ ಹೋದಳು. ತಲೆ ಬಗ್ಗಿಸಿದ್ದ ನನಗೆ ಅವಳ ಕಾಲುಂಗುರವಿಲ್ಲದ ಬೆರಳು ಬಿಟ್ಟು ಬೇರೇನೂ ಕಾಣಲಿಲ್ಲ. ನಮ್ಮ ಹುಡುಗಿ ಏನೋ ಕೇಳಬೇಕಂತೆ, ಕೇಳಲೇನು ಎಂದು ಹುಡುಗಿಯ ಆಯಿ, ಅಂದರೆ ಅಜ್ಜಿ, ನಮ್ಮ ಅಪ್ಪನನ್ನು ಕೇಳಿದಳು. ಆ ಕಾಲಕ್ಕೆ ಅದು ಇಲ್ಲದ ಪದ್ಧತಿ. ಅಪ್ಪ ಗಾಬರಿಯಾಗಿ ದೊಡ್ಡವ್ವನ ಮುಖ ನೋಡಿದ. ದೊಡ್ಡವ್ವ, ಕೇಳಲಿ, ಅದಕ್ಕೇನು ಎಂದಳು.

ಕದದ ಹಿಂದಿನಿಂದ ಮಾತು ಬಂತು. ಸಣ್ಣ ದನಿ, ಆದರೆ ಅಂಜಿಕೆಯದಲ್ಲ.

"ಮಜ್ಜಿಗಿ ಕಡದಾದ ಮ್ಯಾಲ ಗಡಿಗಿ ಯಾರು ತೊಳೀತಿದ್ರು, ಕೇಳ ಆಯಿ."

ಎಲ್ಲರೂ ನನ್ನನ್ನು ನೋಡಿದರು. ಸುಳ್ಳು ಹೇಳಲು ಹೊಳೆಯಲಿಲ್ಲ.

"ದೊಡ್ಡವ್ವ ತೊಳೀತಿದ್ಲು," ಎಂದೆ.

"ಮುರದ ಕೈಲೇ?" ಎಂದಿತು ಆ ದನಿ.

ದೊಡ್ಡವ್ವನಿಗೆ ಈ ಮಾತು ಎಲ್ಲಿಲ್ಲದ ಸಂತೋಷ ಕೊಟ್ಟಿತ್ತು. ಎಡಗೈಯನ್ನು ಎತ್ತಿ ಎಲ್ಲರಿಗೂ ತೋರಿಸಿ, "ಈ ಕೈಲೆ ತೊಳೀತಿದ್ನೆವಾ," ಎಂದಳು.

ಕದದ ಹಿಂದೆ ಬಳೆಗಳ ಸದ್ದಾಯಿತು. ಆಮೇಲೆ, "ಹಂಗಾರ ಅರ್ಧಾನ ಕಲ್ತಾರ," ಎಂಬ ಮಾತು ಬಂತು.

ಮೊದಲು ನಕ್ಕವನು ಚನಬಸಪ್ಪ. ನಗುವ ಭರಕ್ಕೆ ಅವನ ಬೆನ್ನು ಗೋಡೆಗೆ ಬಡಿಯಿತು. ಅಪ್ಪನೂ ನಕ್ಕ. ರುಮಾಲಿನ ಕೆಳಗೆ ನನ್ನ ಕಿವಿ ಕಾದ ಹಂಚಿನಂತಾಗಿದ್ದವು. ಉಳಿದದ್ದನ್ನೂ ಕಲಿಯುತ್ತೇನೆ ಎಂದು ಕದದ ಕಡೆಗೆ ಹೇಳಿದೆ. ಅವತ್ತೇ ಮಾತು ಗಟ್ಟಿಯಾಗಿ ಸಕ್ಕರೆ ಹಂಚಿದರು.

ಅದೇ ವೈಶಾಖದಲ್ಲಿ ಲಗ್ನವಾಯಿತು. ಪಾರ್ವತಿ ನಮ್ಮ ಮನೆಗೆ ಬಂದು ಕೆಲವು ದಿನಗಳಾಗಿರಬೇಕು. ಬೆಳಿಗ್ಗೆ ಇಬ್ಬರೂ ಕೂಡಿ ಮಜ್ಜಿಗೆ ಕಡೆದೆವು. ನಮ್ಮ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೋಡಿಯೂ ನೋಡದವಳ ಹಾಗೆ ಅಕ್ಕಿ ಆರಿಸುತ್ತಿದ್ದಳು. ಬೆಣ್ಣೆ ತೆಗೆದಾದ ಮೇಲೆ ಪಾರ್ವತಿ ಖಾಲಿ ಗಡಿಗೆಯನ್ನು ನನ್ನ ಕೈಗೆ ಕೊಟ್ಟು ಹಿತ್ತಿಲಿಗೆ ಕರೆದುಕೊಂಡು ಹೋದಳು. ಬೂದಿ, ತೆಂಗಿನ ನಾರು, ಬಿಸಿನೀರು ಸಿದ್ಧವಾಗಿದ್ದವು. ನಾನು ಕುಕ್ಕರುಗಾಲಿನಲ್ಲಿ ಕುಳಿತು ಒಳಗೆ ಕೈ ಹಾಕಿ ತಿಕ್ಕಿದೆ, ತೊಳೆದೆ, ಬಿಸಿಲಿಗೆ ಬೋರಲು ಹಾಕಲು ಎದ್ದೆ. ಅವಳು ಗಡಿಗೆಯನ್ನು ಇಸಿದುಕೊಂಡು ಬಾಯಿಗೆ ಮೂಗು ಹಚ್ಚಿ ಮೂಸಿ ನೋಡಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ನಾನು ಪರೀಕ್ಷೆಗೆ ಕುಳಿತವನ ಹಾಗೆ ನಿಂತಿದ್ದೆ.

"ಇನ್ನೊಂದ ಸಲ ತೊಳೀರಿ," ಎಂದಳು.